ಹಳೆಯ ಕಾರಿನ ಟಿ.ಸಿ.

ಅಮೆರಿಕಕ್ಕೆ ಹೋಗಿ ಎರಡು ತಿಂಗಳಷ್ಟೇ ಆಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ದೂರವಾಣಿಯಲ್ಲಿ, "ಮೇಷ್ಟ್ರೇ, ಇಲ್ಲಿ ಒಂದು ಹಳೆಯ ಕಾರು ಕೊಳ್ಳಬೇಕು. ನಿಮ್ಮ ಅಳಿಯಂದಿರು ಕೊಂಡಾಗ ನೀವು ಜೊತೆಗಿದ್ದಿರಂತೆ. ಏನೇನು ನೋಡಬೇಕು ಹೇಳಿ" ಎಂದು ಕೇಳಿದ. ನನಗೆ ನಗು ಬಂತು. ಜೀವಮಾನದಲ್ಲಿ ನಾನು ಓಡಿಸಿದ ವಾಹನವೆಂದರೆ ಸೈಕಲ್ ಒಂದೇ. ಕಾರಿನ ಬಾನೆಟ್ ಎತ್ತಿದರೆ ಅದರೊಳಗೆ ನಾನು ಗುರುತಿಸಬಲ್ಲ ವಸ್ತು ಬ್ಯಾಟರಿ ಮಾತ್ರ. ಆದರೂ ತಿಳಿದಷ್ಟು ಹೇಳಿದೆ. ಹೇಳುತ್ತಿರುವಾಗ ಇನ್ನೊಂದು ಸಂಗತಿ ನೆನಪಾಗಿ ಮಾತು ತಡೆಯಿತು. ಫೋನಿನಲ್ಲಿ ಹೇಳಲಾಗದೆ ಉಳಿದ ಅದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

2006ರ ಮಾರ್ಚ್ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಮಗಳ ಚೊಚ್ಚಲ ಹೆರಿಗೆಗೆಂದು ಟೆಕ್ಸಾಸ್ ರಾಜ್ಯದ ಆರ್ಲಿಂಗ್ಟನ್ ಎಂಬ ಊರಿಗೆ ಹೋದೆವು. ಮಗಳು ತವರಿಗೆ ಬರುವಂತಿರಲಿಲ್ಲ. ಆದ್ದರಿಂದ ತವರೇ ಅವಳಿದ್ದಲ್ಲಿಗೆ ಹೋಗಬೇಕಾಯಿತು. ಅಳಿಯಂದಿರು ಅಲ್ಲಿಗೆ ಬಂದು ಆಗ ಐದು ತಿಂಗಳಾಗಿತ್ತು. ಡಲ್ಲಾಸ್ ಮತ್ತು ಫೋರ್ಟ್ ವರ್ತ್ ನಗರಗಳ ನಡುವೆ ಇರುವ ಆ ಊರಿನಲ್ಲಿ ಮೂರೂವರೆ ಲಕ್ಷಕ್ಕೂ ಮಿಕ್ಕಿ ಜನರಿದ್ದರು. ಆದರೆ ಒಂದು ಸಿಟಿ ಬಸ್ಸೂ ಇರಲಿಲ್ಲ. ನಮ್ಮ ಕಡೆ ಇನ್ನೂರು ಮನೆಗಳ ಹಳ್ಳಿಗೂ ದಿನಕ್ಕೆರಡು ಸಲ ಬಸ್ಸು ಬರುವುದನ್ನು ಕಂಡಿದ್ದ ನನಗೆ ಇದನ್ನು ನಂಬಲು ಕಷ್ಟವಾಯಿತು. ಅಲ್ಲಿ ಮೊದಲ ಬಸ್ಸು ಓಡಿದ್ದು 2013ರಲ್ಲಿ. ಅದೂ ಒಂದೇ ಮಾರ್ಗದಲ್ಲಿ, 2017ರ ಕೊನೆಯವರೆಗೆ ಮಾತ್ರ.

ಅಳಿಯಂದಿರನ್ನು ಕಚೇರಿಗೆ ಸಹೋದ್ಯೋಗಿಯೊಬ್ಬರು ತಮ್ಮ ಕಾರಿನಲ್ಲಿ ಕರೆದೊಯ್ಯುತ್ತಿದ್ದರು. ದಿನಸಿ ತರುವುದಕ್ಕೂ, ವೈದ್ಯರಲ್ಲಿಗೆ ಹೋಗುವುದಕ್ಕೂ ಅವರನ್ನೇ ಕೇಳಬೇಕಾಗಿತ್ತು. ಆಸ್ಪತ್ರೆ ಮನೆಯಿಂದ ಎಂಟು ಮೈಲಿ. ನಾವು ಹೋದ ಎರಡನೆಯ ದಿನವೇ ನನ್ನ ಪತ್ನಿ ಕೇಳಿದಳು: "ನಡುರಾತ್ರಿ ನೋವು ಕಾಣಿಸಿಕೊಂಡರೆ ಏನು ಮಾಡುತ್ತೀರಿ?" ಅಳಿಯಂದಿರು ಉತ್ತರಿಸಲಿಲ್ಲ. ಮರುದಿನದಿಂದಲೇ ಕಾರಿನ ಹುಡುಕಾಟ ಆರಂಭವಾಯಿತು.

ಹೊಸ ಕಾರಿನ ಮಾತೇ ಇರಲಿಲ್ಲ. ಸಾಲ ಮಾಡದೆ ಬದುಕುವುದು ನಮ್ಮಲ್ಲಿ ಮರ್ಯಾದೆಯ ವಿಷಯ. ಅಲ್ಲಿಯೋ, ಹಿಂದೆ ಸಾಲ ಮಾಡಿ ತೀರಿಸಿದ ದಾಖಲೆಯಿಲ್ಲದವನಿಗೆ ಸಾಲ ಸಿಗುವುದೇ ಕಷ್ಟ, ಸಿಕ್ಕರೂ ಬಡ್ಡಿ ವಿಪರೀತ. ಹೊಸದಾಗಿ ಬಂದ ಅಳಿಯಂದಿರಿಗೆ ಅಂತಹ ದಾಖಲೆ ಎಲ್ಲಿಂದ ಬರಬೇಕು? ಐದು ತಿಂಗಳಲ್ಲಿ ಕೂಡಿಟ್ಟ ಐದು ಸಾವಿರ ಡಾಲರ್ ಇತ್ತು. ಆಗಿನ ಲೆಕ್ಕದಲ್ಲಿ ಸುಮಾರು 2,25,000 ರೂಪಾಯಿ. ಅದರಲ್ಲೇ ಎಲ್ಲವೂ ಮುಗಿಯಬೇಕಾಗಿತ್ತು.

ನನ್ನ ತಂದೆಯವರು ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಾನು ಜೊತೆಗೆ ಹೋಗುತ್ತಿದ್ದೆ. ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಿದ್ದರು. ಕಾರಿಗೆ ಹಲ್ಲಿಲ್ಲ. ಆದರೆ ಅಮೆರಿಕದಲ್ಲಿ ಅದಕ್ಕೊಂದು ಜಾತಕವಿದೆ. 1981ರಿಂದೀಚೆಗೆ ಅಲ್ಲಿ ಮಾರಾಟವಾಗುವ ಪ್ರತಿಯೊಂದು ಕಾರಿಗೂ ಹದಿನೇಳು ಅಕ್ಷರ-ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಕೊಟ್ಟು ಹಣ ಕಟ್ಟಿದರೆ ಕಾರ್‌ಫ್ಯಾಕ್ಸ್‌ನಂತಹ ಸಂಸ್ಥೆಗಳು ಆ ಕಾರಿನ ಚರಿತ್ರೆಯನ್ನು ಕೊಡುತ್ತವೆ: ಎಷ್ಟು ಜನ ಮಾಲೀಕರು, ಯಾವ ಯಾವ ರಾಜ್ಯಗಳಲ್ಲಿ ನೋಂದಣಿ, ಅಪಘಾತ ವರದಿಯಾಗಿದೆಯೇ, ಎಷ್ಟು ಮೈಲಿ ಓಡಿದೆ. ಬೆಲೆ ತಿಳಿಯಲು 1926ರಿಂದ ಬರುತ್ತಿರುವ ಕೆಲ್ಲಿ ಬ್ಲೂ ಬುಕ್ ಎಂಬ ದರಪಟ್ಟಿ ಇದೆ. ಆ ವೇಳೆಗಾಗಲೇ ಅದು ಅಂತರಜಾಲದಲ್ಲಿ ಸಿಗುತ್ತಿತ್ತು. ಅಳಿಯಂದಿರು ರಾತ್ರಿಯೆಲ್ಲ ಕುಳಿತು ಇವನ್ನು ಅಭ್ಯಾಸ ಮಾಡಿದರು.

ಮೊದಲು ನೋಡಿದ್ದು ಹೆದ್ದಾರಿಯ ಬದಿಯ ಒಂದು ಹಳೆಯ ಕಾರುಗಳ ಅಂಗಡಿಯಲ್ಲಿ. ಬೆಳ್ಳಿಯ ಬಣ್ಣ, ಐದೇ ವರ್ಷ ಹಳೆಯದು, ಒಂದು ಗೀರೂ ಇಲ್ಲ. ದರಪಟ್ಟಿಯ ಬೆಲೆಗಿಂತ ಸಾವಿರದೈನೂರು ಡಾಲರ್ ಕಡಿಮೆ. ಚರಿತ್ರೆಯ ವರದಿಯೂ ನಿಷ್ಕಳಂಕ. ಅಳಿಯಂದಿರ ಮುಖ ಅರಳಿತು. ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ಕನ್ನಡಿಗೆ ಸುಗಂಧದ ಕಾರ್ಡೊಂದನ್ನು ತೂಗುಹಾಕಿದ್ದರು. ಅದರ ಘಮದ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ಅದು ನನಗೆ ಪರಿಚಿತವಾದದ್ದು.

ನಮ್ಮ ಶಾಲೆಯ ಪುಸ್ತಕದ ಬೀರುಗಳಿಗೆ ಒಂದು ಮಳೆಗಾಲದಲ್ಲಿ ಹೊಳೆಯ ನೀರು ನುಗ್ಗಿದ್ದು ನಿಮ್ಮಲ್ಲಿ ಹಿರಿಯರಾದವರಿಗೆ ನೆನಪಿರಬಹುದು. ಪುಸ್ತಕಗಳನ್ನೆಲ್ಲ ನೀವೇ ಹೊತ್ತು ತಂದು ಅಂಗಳದಲ್ಲಿ ಬಿಸಿಲಿಗೆ ಹರಡಿದಿರಿ. ಸಾಂಬ್ರಾಣಿಯ ಹೊಗೆಯನ್ನೂ ಹಾಕಿದೆವು. ಆದರೂ ನಾನು ನಿವೃತ್ತನಾಗುವವರೆಗೆ ಆ ಬೀರು ತೆರೆದಾಗಲೆಲ್ಲ ಕೆಸರಿನ ಮುಗ್ಗಲು ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಈ ಕಾರಿನೊಳಗೂ ಅದೇ ವಾಸನೆ.

"ಇದಕ್ಕೆ ನೀರು ಹೊಕ್ಕಿದೆ" ಎಂದೆ.

"ವರದಿ ಶುದ್ಧವಾಗಿದೆಯಲ್ಲ, ಮಾವ" ಎಂದರು ಅಳಿಯಂದಿರು.

"ನೋಡಿ, ಮೂವತ್ತನಾಲ್ಕು ವರ್ಷ ಟಿ.ಸಿ. ಬರೆದವನು ನಾನು. ಶುದ್ಧವಾದ ವರದಿ ಹೇಗೆ ತಯಾರಾಗುತ್ತದೆಂದು ನನಗೆ ಗೊತ್ತು."

ನಮ್ಮ ಶಾಲೆಯಲ್ಲಿ ಗುಮಾಸ್ತರಿರಲಿಲ್ಲ. ವರ್ಗಾವಣೆ ಪತ್ರವನ್ನು ತರಗತಿಯ ಉಪಾಧ್ಯಾಯರೇ ತುಂಬಬೇಕು, ಮುಖ್ಯೋಪಾಧ್ಯಾಯರು ಸಹಿ ಹಾಕಬೇಕು. ಅದರಲ್ಲಿ 'ನಡತೆ' ಎಂಬುದೊಂದು ಕಾಲಂ. ಅಲ್ಲಿ ನಾನು ಕಣ್ಣು ಮುಚ್ಚಿಕೊಂಡು 'ಉತ್ತಮ' ಎಂದು ಬರೆಯುತ್ತಿದ್ದೆ. ಎಂದೂ ಎದುರಾಡದವನಿಗೂ ಉತ್ತಮ, ಪರೀಕ್ಷೆಯಲ್ಲಿ ಚೀಟಿ ಇಟ್ಟು ಸಿಕ್ಕಿಬಿದ್ದವನಿಗೂ ಉತ್ತಮ. ಇದನ್ನು ಓದುತ್ತಿರುವ ಕೆಲವರಿಗೆ ಇದರ ಸತ್ಯ ಚೆನ್ನಾಗಿ ಗೊತ್ತು, ಹೆಸರು ಹೇಳುವುದಿಲ್ಲ.

ಅಳಿಯಂದಿರು ಡಿಕ್ಕಿ ತೆರೆದು, ಹಾಸನ್ನು ಸರಿಸಿ, ಸ್ಟೆಪ್ನಿಯನ್ನು ಎತ್ತಿದರು. ಅದರ ಕೆಳಗಿನ ಗುಳಿಯಲ್ಲಿ ನಯವಾದ ಒಣಗಿದ ಮೆಕ್ಕಲು ಮಣ್ಣು, ಅದಕ್ಕೆ ಅಂಟಿಕೊಂಡ ಹುಲ್ಲಿನ ಎಸಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಆ ದೇಶಕ್ಕೂ ಸಲ್ಲುವ ಮಾತು. ಅಂಗಡಿಯವನು ಸಿಟ್ಟಾಗಲಿಲ್ಲ, ಗಾಜಿಗೆ ಅಂಟಿಸಿದ್ದ ಕಾಗದದತ್ತ ಬೆರಳು ತೋರಿಸಿದ. 1985ರಿಂದ ಜಾರಿಯಲ್ಲಿರುವ ಕೇಂದ್ರದ ನಿಯಮವೊಂದರಂತೆ ಹಳೆಯ ಕಾರು ಮಾರುವ ವ್ಯಾಪಾರಿ ಅಂತಹ ಸೂಚನಾಪತ್ರವನ್ನು ಅಂಟಿಸಲೇಬೇಕು. ಈ ಕಾರಿನ ಪತ್ರದಲ್ಲಿ 'ಇದ್ದದ್ದು ಇದ್ದಂತೆ, ಖಾತರಿಯಿಲ್ಲ' ಎಂಬ ಚೌಕಕ್ಕೆ ಗುರುತು ಹಾಕಿತ್ತು. ಕೊಂಡ ಮೇಲೆ ಏನಾದರೂ ನಮ್ಮ ಹಣೆಬರಹವೆಂದು ಅದರ ತಾತ್ಪರ್ಯ.

ಹಿಂದಿನ ವರ್ಷ, 2005ರ ಆಗಸ್ಟ್‌ನಲ್ಲಿ, ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿತ್ತು. ಮುಳುಗಿದ ಅಸಂಖ್ಯ ಕಾರುಗಳಲ್ಲಿ ಹಲವು ತೊಳೆದು ಒಣಗಿಸಿಕೊಂಡು ಬೇರೆ ರಾಜ್ಯಗಳ ಮಾರುಕಟ್ಟೆಗೆ ಬಂದವು. ಮಾಲೀಕತ್ವದ ಪತ್ರವನ್ನು ಅಲ್ಲಿ ಟೈಟಲ್ ಎನ್ನುತ್ತಾರೆ. ಮುಳುಗಿದ ಕಾರೆಂಬ ಮುದ್ರೆ ಅದರ ಮೇಲೆ ಬೀಳಬೇಕು; ಆದರೆ ರಾಜ್ಯದಿಂದ ರಾಜ್ಯಕ್ಕೆ ನೋಂದಣಿ ಬದಲಾಯಿಸುತ್ತ ಹೋದರೆ ಆ ಮುದ್ರೆ ಅಳಿಸಿಹೋಗುವುದುಂಟು. ನಾವು ನೋಡಿದ ಕಾರು ಎಲ್ಲಿಂದ ಬಂದಿತ್ತೋ ಹೇಳಲಾರೆ. ರಾಜ್ಯಗಳ ಟೈಟಲ್ ದಾಖಲೆಗಳನ್ನು ಒಂದೆಡೆ ಸೇರಿಸುವ ರಾಷ್ಟ್ರೀಯ ವ್ಯವಸ್ಥೆ 2009ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಆದರೂ ಯಾರೂ ವರದಿ ಮಾಡದ ಸಂಗತಿ ಯಾವ ವರದಿಯಲ್ಲೂ ಇರುವುದಿಲ್ಲ.

ಎರಡನೆಯ ಕಾರು ಖಾಸಗಿಯವರದು. ಅಂಚೆ ಇಲಾಖೆಯಿಂದ ನಿವೃತ್ತರಾದ ವೃದ್ಧರೊಬ್ಬರ 1998ರ ಟೊಯೊಟಾ ಕೊರೊಲ್ಲಾ. ಓಡಿದ್ದು 98,000 ಮೈಲಿ, ಎಂದರೆ ಒಂದೂವರೆ ಲಕ್ಷ ಕಿಲೋಮೀಟರಿಗೂ ಹೆಚ್ಚು. ನಾವು ಬಾಯಿ ತೆರೆಯುವ ಮೊದಲೇ ಅವರು, "ಇದಕ್ಕೆ 2002ರಲ್ಲಿ ಅಪಘಾತವಾಗಿದೆ. ತಪ್ಪು ನನ್ನದೇ" ಎಂದರು. ಒಳಗಿನಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಮುಂದಿಟ್ಟರು. ಎಂಟು ವರ್ಷಗಳ ಎಲ್ಲ ರಸೀದಿಗಳು ಅದರಲ್ಲಿದ್ದವು: ಆಯಿಲ್ ಬದಲಾಯಿಸಿದ್ದು, ಟೈರು ಹಾಕಿಸಿದ್ದು, ಅಪಘಾತದ ನಂತರ ಎಡಬದಿಯ ಮಡ್‌ಗಾರ್ಡು ಮತ್ತು ಬಂಪರ್ ಬದಲಾಯಿಸಿದ್ದು.

ಮನೆಗೆ ಬಂದು ವರದಿ ತೆಗೆಸಿದಾಗ ಅಪಘಾತದ ಸಾಲು ಅದರಲ್ಲೂ ಇತ್ತು. ಅಳಿಯಂದಿರ ಮುಖ ಕಂದಿತು. "ಬೇಡ, ಮಾವ. ಇದು ಅಳಿಸುವಂಥದ್ದಲ್ಲ. ನಾಳೆ ನಾನು ಮಾರಲು ಹೋದರೂ ಈ ಸಾಲು ಅಲ್ಲೇ ಇರುತ್ತದೆ." ಅವರ ಹಣ, ಅವರ ಸಂಸಾರ, ಮಾವನಾದವನು ಹೆಚ್ಚು ಮಾತನಾಡಬಾರದು. ಸುಮ್ಮನಾದೆ. ಆದರೆ ಆ ರಾತ್ರಿ ನಿದ್ರೆ ಹತ್ತಲಿಲ್ಲ. 'ಅಳಿಸುವಂಥದ್ದಲ್ಲ' ಎಂಬ ಮಾತು ನನ್ನನ್ನು ಇಪ್ಪತ್ತಮೂರು ವರ್ಷ ಹಿಂದಕ್ಕೆ ಒಯ್ದಿತ್ತು.

'ಉತ್ತಮ' ಎಂದು ಬರೆಯುತ್ತಿದ್ದೆ ಎಂದೆನಲ್ಲವೆ? ಒಂದು ಸಲ ಬರೆಯಲಿಲ್ಲ. 1983ರಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕಿಟಕಿಯ ಗಾಜು ಒಡೆದ. ಕೇಳಿದ್ದಕ್ಕೆ ಇಡೀ ತರಗತಿಯ ಮುಂದೆ ನನಗೆ ಎದುರುತ್ತರ ಕೊಟ್ಟ. ಅದೇ ತಿಂಗಳು ಅವನ ತಂದೆಗೆ ವರ್ಗವಾಯಿತು. ಟಿ.ಸಿ. ಬರೆಯುವಾಗ ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ನಡತೆಯ ಕಾಲಮ್ಮಿನಲ್ಲಿ 'ತೃಪ್ತಿಕರವಲ್ಲ' ಎಂದು ಬರೆದೆ. ಹತ್ತು ದಿನಗಳ ಮೇಲೆ ಅವನ ತಂದೆ ಆ ಪತ್ರವನ್ನು ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು. ಅಲ್ಲಿನ ಶಾಲೆಯವರು ಹುಡುಗನನ್ನು ಸೇರಿಸಿಕೊಂಡಿರಲಿಲ್ಲ. "ಇದ್ದದ್ದನ್ನು ಬರೆದಿದ್ದೇನೆ" ಎಂದೆ. ಅವರು ವಾದಿಸಲಿಲ್ಲ. ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೊರಟುಹೋದರು.

ನಾನು ಬರೆದದ್ದು ಸುಳ್ಳಾಗಿರಲಿಲ್ಲ. ಆದರೆ ಅದೇ ಹುಡುಗ ಎರಡು ಮಳೆಗಾಲ, ಪೋಲಿಯೊದಿಂದ ಕಾಲು ಸೊರಗಿದ್ದ ಸಹಪಾಠಿಯನ್ನು ಬೆನ್ನ ಮೇಲೆ ಹೊತ್ತು ಹಳ್ಳ ದಾಟಿಸಿ ಶಾಲೆಗೆ ತರುತ್ತಿದ್ದ. ಅದನ್ನು ನಾನು ದಿನವೂ ಕಣ್ಣಾರೆ ಕಂಡಿದ್ದೆ. ಟಿ.ಸಿ.ಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಬೆಳಿಗ್ಗೆ ಕಾಫಿ ಕುಡಿಯುವಾಗ ಇದನ್ನು ಅಳಿಯಂದಿರಿಗೆ ಹೇಳಿದೆ. ಅದುವರೆಗೆ ಮಗಳಿಗೂ ಹೇಳಿರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೆಕ್ಯಾನಿಕ್‌ಗೆ ತೋರಿಸೋಣ, ಮಾವ. ಅವನು ಸರಿ ಎಂದರೆ ಕೊಳ್ಳೋಣ" ಎಂದರು. ಅದು ನ್ಯಾಯವಾದ ಮಾತು. ಮನಸ್ಸು ಕರಗಿತೆಂದು ಕಾರು ಕೊಳ್ಳಬಾರದು.

ಮಾರುವವರಿಗೂ ನಮಗೂ ಸಂಬಂಧವಿಲ್ಲದ ಗ್ಯಾರೇಜಿಗೆ ಒಯ್ದೆವು. ಮೆಕ್ಸಿಕೊ ಮೂಲದ ಮೆಕ್ಯಾನಿಕ್ 75 ಡಾಲರ್ ತೆಗೆದುಕೊಂಡು, ಕಾರನ್ನು ಮೇಲೆತ್ತಿ ದೀಪ ಹಿಡಿದು ಒಂದು ಗಂಟೆ ನೋಡಿದ. ಪೆಟ್ಟು ಹೊರಮೈಯದು ಮಾತ್ರ, ಒಳಗಿನ ಚಾಸಿ ನೆಟ್ಟಗಿದೆ, ಎಂಜಿನ್ ಚೆನ್ನಾಗಿದೆ, ಬ್ರೇಕು ಬೇಗ ಬದಲಾಯಿಸಬೇಕು ಎಂದ. ಸೀಟ್ ಬೆಲ್ಟನ್ನು ಕೊನೆಯವರೆಗೂ ಹೊರಕ್ಕೆ ಎಳೆದು ನೋಡಿದ; ನೀರಿನಲ್ಲಿ ಮುಳುಗಿದ ಕಾರಾದರೆ ಒಳಗೆ ಸುತ್ತಿಕೊಂಡಿರುವ ಭಾಗದಲ್ಲಿ ಕೆಸರಿನ ಕಲೆ ಉಳಿದಿರುತ್ತದಂತೆ. ಇಲ್ಲಿ ಇರಲಿಲ್ಲ.

4,600 ಹೇಳಿದ್ದವರು ಬ್ರೇಕಿನ ಲೆಕ್ಕದಲ್ಲಿ 4,400 ಡಾಲರಿಗೆ ಒಪ್ಪಿದರು. ಟೈಟಲ್‌ನ ಹಿಂಬದಿಯಲ್ಲಿ ಸಹಿ ಮಾಡಿಕೊಟ್ಟರು. ಕೌಂಟಿಯ ತೆರಿಗೆ ಕಚೇರಿಯಲ್ಲಿ ಶೇಕಡಾ 6.25ರಂತೆ 275 ಡಾಲರ್ ತೆರಿಗೆ ಕಟ್ಟಿ, ವಿಮೆ ತೋರಿಸಿ, ಹೆಸರು ಬದಲಾಯಿಸಿಕೊಂಡೆವು. ಹೊರಡುವಾಗ ವೃದ್ಧರು ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

ಹನ್ನೊಂದನೆಯ ರಾತ್ರಿ ಎರಡೂವರೆಗೆ ಮಗಳಿಗೆ ನೋವು ಕಾಣಿಸಿಕೊಂಡಿತು. ಯಾರ ಬಾಗಿಲನ್ನೂ ತಟ್ಟಬೇಕಾಗಲಿಲ್ಲ. ಆ ಕಾರು 2012ರವರೆಗೆ ಅವರ ಬಳಿ ಇತ್ತು. ಮೊಮ್ಮಗ ಅದರ ಹಿಂದಿನ ಸೀಟಿನಲ್ಲೇ ಅಕ್ಷರ ಕಲಿತ. ಆಗಷ್ಟೇ ಭಾರತದಿಂದ ಬಂದಿದ್ದ ಹುಡುಗನೊಬ್ಬನಿಗೆ ಅದನ್ನು ಮಾರುವಾಗ ಅಳಿಯಂದಿರು ಅಪಘಾತದ ವಿಷಯವನ್ನು ಮೊದಲೇ ಹೇಳಿ, ತಮ್ಮ ರಸೀದಿಗಳನ್ನೂ ಸೇರಿಸಿ ಡಬ್ಬಿಯನ್ನು ಕೊಟ್ಟರಂತೆ.

ಫೋನು ಮಾಡಿದ ಶಿಷ್ಯನಿಗೆ ಇಷ್ಟೇ ಹೇಳುತ್ತೇನೆ: ವರದಿ ತೆಗೆಸು, ಆದರೆ ಅದೊಂದನ್ನೇ ನಂಬಬೇಡ, ಡಿಕ್ಕಿಯ ಹಾಸು ಎತ್ತಿ ನೋಡು, ನಿನ್ನದೇ ಮೆಕ್ಯಾನಿಕ್‌ಗೆ ಹಣ ಕೊಟ್ಟು ತೋರಿಸು. ಕಳಂಕವಿಲ್ಲದ್ದನ್ನು ಕಂಡು ಮರುಳಾಗಬೇಡ, ಒಂದು ಕಳಂಕ ಕಂಡಿತೆಂದು ಓಡಿಯೂ ಹೋಗಬೇಡ.

1983ರ ಆ ಹುಡುಗನಿಗೆ ಈಗ ಐವತ್ತು ದಾಟಿದೆ. ಮುಂದೆ ಏನಾದನೆಂದು ನನಗೆ ತಿಳಿಯಲಿಲ್ಲ. ವಿಚಾರಿಸುವ ಧೈರ್ಯವನ್ನೂ ನಾನು ಮಾಡಲಿಲ್ಲ. ಅವನ ಸಹಪಾಠಿಗಳು ಕೆಲವರು ಇದನ್ನು ಓದುತ್ತೀರಿ. ಯಾರೆಂದು ನಿಮಗೆ ತಿಳಿದಿರುತ್ತದೆ. ಅವನ ವಿಳಾಸ ಬಲ್ಲವರಿದ್ದರೆ ದಯವಿಟ್ಟು ನನಗೆ ತಿಳಿಸಿ. ನಡತೆಯ ಕಾಲಮ್ಮನ್ನು ತಿದ್ದುವ ಅಧಿಕಾರ ಈಗ ನನಗಿಲ್ಲ. ತಪ್ಪಾಯಿತು ಎಂದು ನನ್ನ ಕೈಯಾರೆ ಒಂದು ಕಾಗದ ಬರೆಯಬೇಕಾಗಿದೆ.