ನೀವು ನೋಡಿದಿರಾ, ಹೇಗಿದೆ?

ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಸಾಲುಸಾಲು ಚಿತ್ರಮಂದಿರಗಳಿದ್ದ ಕಾಲದಲ್ಲಿ ಸಿನಿಮಾದ ಮೊದಲ ವಿಮರ್ಶೆ ಸಿಗುತ್ತಿದ್ದದ್ದು ಗೇಟಿನ ಹತ್ತಿರ. ಮ್ಯಾಟ್ನಿ ಮುಗಿಸಿ ಹೊರಗೆ ಬರುವ ಜನ ಒಂದು ಕಡೆ, ಫಸ್ಟ್ ಶೋಗೆ ಟಿಕೆಟ್ ಹಿಡಿದು ನಿಂತವರು ಇನ್ನೊಂದು ಕಡೆ. "ಹೆಂಗೈತೆ ಗುರು?" ಅಂತ ಇತ್ತಲಿಂದ ಒಬ್ಬ ಕೂಗಿದರೆ ಅತ್ತ ಹೋಗುತ್ತಿದ್ದವನು ನಿಲ್ಲದೆಯೇ "ಸಖತ್ತು, ಹೋಗು ಹೋಗು" ಅಂದು ಬಿಡುತ್ತಿದ್ದ. ಇಲ್ಲವೇ ಮೂತಿ ತಿರುವಿ ಕೈ ಅಲ್ಲಾಡಿಸುತ್ತಿದ್ದ. ಇಬ್ಬರಿಗೂ ಮುಖಪರಿಚಯವಿಲ್ಲ, ಮತ್ತೆ ಜನ್ಮದಲ್ಲಿ ಭೇಟಿಯಾಗುವವರೂ ಅಲ್ಲ. ಹೇಳಿದವನಿಗೆ ಲಾಭವಿಲ್ಲ, ಕೇಳಿದವನಿಗೆ ದಾಕ್ಷಿಣ್ಯವಿಲ್ಲ. ಅದಕ್ಕೇ ಆ ಮಾತಿಗೆ ತೂಕವಿತ್ತು. ಎಷ್ಟೋ ಸಲ ಮಾತೂ ಬೇಕಾಗುತ್ತಿರಲಿಲ್ಲ. ನಟಿ ಕಲ್ಪನಾ ಅವರ ಸಿನಿಮಾ ಮುಗಿಸಿ ಬರುವ ಹೆಂಗಸರ ಕೆಂಪಗಾದ ಕಣ್ಣು ನೋಡಿದರೆ ಸಾಕು, ಹೊರಗೆ ನಿಂತವರು ಸೆರಗಿನ ತುದಿ ಸರಿಮಾಡಿಕೊಂಡು ಅಳುವುದಕ್ಕೆ ತಯಾರಾಗಿಯೇ ಒಳಗೆ ಹೋಗುತ್ತಿದ್ದರು.

1972ರಲ್ಲಿ ತೆರೆಕಂಡ 'ಬಂಗಾರದ ಮನುಷ್ಯ' ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು ಅನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ರಾಜ್‌ಕುಮಾರ್ ಇದ್ದರು, ಟಿ.ಕೆ. ರಾಮರಾಯರ ಕಥೆಯಿತ್ತು, ಸಿದ್ದಲಿಂಗಯ್ಯನವರ ನಿರ್ದೇಶನವಿತ್ತು, ಹಾಡುಗಳಂತೂ ಸರಿಯೇ ಸರಿ. ಆದರೆ ಎರಡನೆಯ ವರ್ಷದಲ್ಲಿ ಜನರನ್ನು ಕರೆತರುವುದು ಯಾವ ಪೋಸ್ಟರಿನ ಕೈಲೂ ಆಗುವ ಕೆಲಸವಲ್ಲ. ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋದವರು, ಅಪ್ಪನಿಗೆ ಒಮ್ಮೆ ತೋರಿಸಬೇಕು ಅಂತ ಹಟ ಹಿಡಿದವರು, "ನೀನಿನ್ನೂ ನೋಡಿಲ್ವಾ?" ಅಂತ ಪಕ್ಕದ ಮನೆಯವರನ್ನು ನಾಚಿಸಿದವರು ಸೇರಿ ಓಡಿಸಿದ ಚಿತ್ರ ಅದು.

ನಮ್ಮ ಸೋದರತ್ತೆ ಹಾಸನದ ಕಡೆಯ ಹಳ್ಳಿಯವರು. ಹಳೆಯ ಚಿತ್ರಗಳು ಮತ್ತೆ ಮತ್ತೆ ಪೇಟೆಯ ಟಾಕೀಸಿಗೆ ಬರುತ್ತಿದ್ದ ದಿನಗಳು. ಅತ್ತೆ ಪೇಟೆಗೆ ಹೋಗಿ ಪಿಕ್ಚರ್ ನೋಡಿ ಬಂದರೆಂದರೆ ಮಾರನೆಯ ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ನಮ್ಮ ಜಗಲಿಗೆ ಹಾಜರು. ಅವರೆಕಾಯಿಯ ಕಾಲವಾದರೆ ಎಲ್ಲರ ಮುಂದೂ ಒಂದೊಂದು ಮೊರ. ಅತ್ತೆ ಕಾಯಿ ಸುಲಿಯುತ್ತಲೇ 'ಶರಪಂಜರ'ದ ಕಥೆ ಶುರುಮಾಡುವರು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ಚಿತ್ರ ಅನ್ನುವ ವಿವರವೆಲ್ಲ ಅವರಿಗೆ ಬೇಕಿರಲಿಲ್ಲ. ಬಾಣಂತನದಲ್ಲಿ ಮನಸ್ಸಿನ ಸ್ಥಿಮಿತ ತಪ್ಪಿದ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಆಸ್ಪತ್ರೆಯವರ ಲೆಕ್ಕದಲ್ಲಿ ವಾಸಿಯಾಗಿದೆ, ಮನೆಯವರ ಕಣ್ಣಲ್ಲಿ ಮಾತ್ರ ಅವಳಿನ್ನೂ ಹುಚ್ಚಿ. ಈ ಜಾಗಕ್ಕೆ ಬಂದಾಗ ಅತ್ತೆಯ ಕೈ ನಿಂತುಬಿಡುತ್ತಿತ್ತು. ಅರ್ಧ ಸುಲಿದ ಕಾಯಿ ಬೆರಳಲ್ಲೇ ಉಳಿಯುತ್ತಿತ್ತು. "ಅವಳು ನಕ್ಕರೂ ತಪ್ಪು, ಅತ್ತರೂ ತಪ್ಪು ಕಣ್ರೇ" ಅನ್ನುವರು. ಮೂಲೆಯಲ್ಲಿ ಕೂತಿದ್ದ ಹಸಿ ಬಾಣಂತಿ ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುವಳು. ಅಷ್ಟು ಹೊತ್ತು ಮೊರದೊಳಗೆ ಕಾಳು ಬೀಳುವ ಸದ್ದೂ ಇರುತ್ತಿರಲಿಲ್ಲ.

ಕೊನೆಯ ದೃಶ್ಯದವರೆಗೂ ಬಿಡದೆ ಹೇಳಿಬಿಡುವರು ಅತ್ತೆ. ಏನೂ ಮುಚ್ಚುಮರೆ ಇಲ್ಲ. ಸ್ವಾರಸ್ಯವೆಂದರೆ, ಕಥೆಯೆಲ್ಲ ಗೊತ್ತಾದ ಮೇಲೂ ಆ ಹೆಂಗಸರು ಆ ವಾರವೇ ಬಸ್ಸು ಹತ್ತಿ ಹೋಗಿ ಸಿನಿಮಾ ನೋಡಿ ಬರುತ್ತಿದ್ದರು. ಮುಂದೇನಾಗುತ್ತದೆ ಅನ್ನುವ ಕುತೂಹಲಕ್ಕೆ ಹೋದವರಲ್ಲ. ಅತ್ತೆಯ ಕೈ ನಿಂತ ಜಾಗವನ್ನು ತಮ್ಮ ಕಣ್ಣಾರೆ ನೋಡಬೇಕಾಗಿತ್ತು ಅವರಿಗೆ. ಸಿನಿಮಾದ ಹಾಡಿನ ಪುಸ್ತಕಗಳು ಇದಕ್ಕೆ ತದ್ವಿರುದ್ಧ. ಅರ್ಧ ಕಥೆ ಅಚ್ಚುಹಾಕಿ, ಉಳಿದದ್ದನ್ನು ತೆರೆಯ ಮೇಲೆ ನೋಡಿಕೊಳ್ಳಿ ಅಂತ ನಿಲ್ಲಿಸಿಬಿಡುತ್ತಿದ್ದವು. ನನಗೆ ಅತ್ತೆಯ ಪದ್ಧತಿಯೇ ಹೆಚ್ಚು ಇಷ್ಟ. ಕೊಲೆಯ ರಹಸ್ಯ, ಕೊನೆಯ ತಿರುವು ಇರುವ ಚಿತ್ರಗಳ ವಿಚಾರ ಬೇರೆ. ಅಲ್ಲಿ ಬಾಯಿಬಿಟ್ಟರೆ ಮಹಾಪರಾಧ, ಒಪ್ಪುತ್ತೇನೆ.

ಶಿಫಾರಸು ಒಂದು ಬಗೆಯಾದರೆ ಜಗಳ ಇನ್ನೊಂದು ಬಗೆ. 'ನಾಗರಹಾವು' ಬಂದು ಐವತ್ತು ವರ್ಷ ದಾಟಿದರೂ ಚಾಮಯ್ಯ ಮೇಷ್ಟ್ರು ಮಾಡಿದ್ದು ಸರಿಯೋ ತಪ್ಪೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಟ್ಟ ಶಿಷ್ಯ ರಾಮಾಚಾರಿ, ಮುಂದೆ ಮಾರ್ಗರೆಟ್ ವಿಷಯದಲ್ಲೂ ಅದೇ ಮೇಷ್ಟ್ರನ್ನು ಎದುರಿಸಬೇಕಾಗುತ್ತದೆ. ನನ್ನ ಮಟ್ಟಿಗೆ ಮೇಷ್ಟ್ರೇ ಹೊಣೆ. ಶಿಷ್ಯನ ಮೇಲಿನ ಪ್ರೀತಿಯನ್ನು ಅಧಿಕಾರವಾಗಿ ಬಳಸಿಕೊಂಡವರು ಅವರು. ಆದರೆ ಮೇಷ್ಟ್ರ ಪಾತ್ರದ ಅಶ್ವತ್ಥ್ ಅವರ ಆ ಮುಖ ನೋಡಿಬಿಟ್ಟರೆ ಹೀಗೆ ಕಟುವಾಗಿ ಹೇಳುವುದಕ್ಕೆ ಬಾಯಿ ಬರುವುದಿಲ್ಲ. ಮೂಲ ಕಾದಂಬರಿಕಾರರಾದ ತ.ರಾ.ಸು. ಅವರಿಗೇ ಈ ಚಿತ್ರ ಒಪ್ಪಿಗೆಯಾಗಿರಲಿಲ್ಲ. ಬರೆದವರೇ ಬೇಡವೆಂದ ಚಿತ್ರವನ್ನು ನೋಡಿದವರು ಎದೆಗೆ ಹಚ್ಚಿಕೊಂಡರು. ಅಭಿಪ್ರಾಯಭೇದ ಅಂದರೆ ಹೀಗಿರಬೇಕು. ಎರಡು ಕಡೆಯವರೂ ಸಿನಿಮಾವನ್ನು ಇಂಚಿಂಚು ನೋಡಿರಬೇಕು.

ಈಗ ಹೀಗೆ ಜಗಳವಾಡುವುದಕ್ಕೂ ಪುರುಸೊತ್ತಿಲ್ಲ. ಶುಕ್ರವಾರ ಬಿಡುಗಡೆ, ಶನಿವಾರ, ಭಾನುವಾರ ಜನ ಬಂದರೆ ಸರಿ, ಇಲ್ಲದಿದ್ದರೆ ಸೋಮವಾರ ಬೆಳಗ್ಗೆ ಹತ್ತು ಗಂಟೆಯ ಒಂದೇ ಶೋ, ಗುರುವಾರಕ್ಕೆ ಅದೂ ಇಲ್ಲ. "ಒಂದ್ಸಲ ನೋಡಬಹುದು" ಅಂತ ನಾವು ನಿಧಾನವಾಗಿ ರಾಗ ಎಳೆಯುವ ಹೊತ್ತಿಗೆ ಆ ಒಂದು ಸಲಕ್ಕೂ ಸಿನಿಮಾ ಉಳಿದಿರುವುದಿಲ್ಲ. ದೊಡ್ಡ ತಾರೆಯರ ಚಿತ್ರಗಳಿಗೆ ಕಟೌಟು, ಹಾಲಿನ ಅಭಿಷೇಕ, ಬೆಳಗಿನ ಜಾವದ ಶೋ ಎಲ್ಲವೂ ಇದೆ. ಹೊಸಬರ ಚಿತ್ರಕ್ಕೆ ಇರುವುದು ನೋಡಿದವರ ಬಾಯಿ ಒಂದೇ. ಅದು ತೆರೆಯಬೇಕಾದ್ದು ಸೋಮವಾರದೊಳಗೆ.

ತೆರೆದದ್ದೂ ಉಂಟು. 2006ರ ಡಿಸೆಂಬರ್ ಕೊನೆಗೆ ಬಂದ 'ಮುಂಗಾರು ಮಳೆ'ಯ ಗಣೇಶ್ ಆಗ ಟೀವಿಯ 'ಕಾಮಿಡಿ ಟೈಮ್' ಹುಡುಗ ಅಂತಲೇ ಪರಿಚಿತರು. ನೋಡಿದವರು ಹೇಳುತ್ತ ಹೋದರು. ಮಲ್ಟಿಪ್ಲೆಕ್ಸಿನಲ್ಲೇ ಅದು ವರ್ಷ ದಾಟಿ ಓಡಿತು. 2015ರ ಜುಲೈಯಲ್ಲಿ ಬಂದ ಅನೂಪ್ ಭಂಡಾರಿಯವರ 'ರಂಗಿತರಂಗ'ದ ಕಥೆ ಇನ್ನೂ ಕಠಿಣ. ಮರುವಾರವೇ 'ಬಾಹುಬಲಿ' ಬಂದು ನಿಂತಿತು, ಪರದೆಗಳು ಕೈತಪ್ಪತೊಡಗಿದವು. ಆಗ ನೋಡಿದ ಪ್ರೇಕ್ಷಕರೇ ಗಲಾಟೆ ಎಬ್ಬಿಸಿದರು. ನಮ್ಮ ಸಿನಿಮಾ ಎಲ್ಲಿ ಅಂತ ಕೇಳಿದರು, ಗೆಳೆಯರನ್ನು ಹಿಡಿದು ತಂದು ಕೂರಿಸಿದರು. ಚಿತ್ರ ಗೆದ್ದಿತು. ಸಾಗರದಾಚೆಯ ಕನ್ನಡಿಗರೂ ಕೇಳಿ ತರಿಸಿಕೊಂಡು ನೋಡಿದರು.

ಅದಕ್ಕೂ ಒಂದು ವರ್ಷ ಮೊದಲು, 2014ರಲ್ಲಿ, ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ'ಗೆ ಈ ಅದೃಷ್ಟ ಇರಲಿಲ್ಲ. ಮಲ್ಪೆಯ ಕಡಲತೀರ, ಅಷ್ಟಮಿಯ ಹುಲಿವೇಷ, ಮೀನು ಮಾರುವ ರತ್ನಕ್ಕನಾಗಿ ತಾರಾ, ಒಂದೇ ಘಟನೆಯನ್ನು ಹಲವರ ಕಣ್ಣಿಂದ ಹೇಳುವ ಬಗೆ. ಚಿತ್ರಮಂದಿರದಲ್ಲಿ ನೋಡಿದವರು ಕಡಿಮೆ. ಅದನ್ನು ಇವತ್ತು ಕೊಂಡಾಡುವವರ ಸಂಖ್ಯೆ ಅಂದು ಟಿಕೆಟ್ ಕೊಂಡವರಿಗಿಂತ ಎಷ್ಟೋ ಪಟ್ಟು ಹೆಚ್ಚಿರಬೇಕು. ಆ ಮೆಚ್ಚುಗೆ ತಡವಾಗಿ ಬಂತಲ್ಲ ಅಂತ ನನಗೆ ಇವತ್ತಿಗೂ ಸಂಕಟ.

ಜನಕ್ಕೆ ಅಂಥ ಚಿತ್ರ ಅರ್ಥವಾಗುವುದಿಲ್ಲ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ 1970ರ ದಶಕದಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ನಡುವಿನ ಆ ಹಳ್ಳಿಯಲ್ಲಿ 'ಪಥೇರ್ ಪಾಂಚಾಲಿ', 'ಬೈಸಿಕಲ್ ಥೀವ್ಸ್'ನಂಥ ಚಿತ್ರಗಳನ್ನು ತೋರಿಸಿದರು. ಜನ ಬಂದರು, ಕೂತು ನೋಡಿದರು, ಚರ್ಚೆ ಮಾಡಿದರು. ಸೈಕಲ್ ಕಳೆದುಕೊಂಡ ಬಡವನ ಪಾಡು ಮಲೆನಾಡಿನವರಿಗೆ ತಿಳಿಯುವುದಕ್ಕೆ ಇಟಲಿ ಭಾಷೆ ಬರಬೇಕಾಗಿಲ್ಲ. ತೋರಿಸುವವರು ಬೇಕು, ತೋರಿಸಿದ ಮೇಲೆ ಜೊತೆಯಲ್ಲಿ ಕೂತು ಮಾತಾಡುವವರು ಬೇಕು.

ಆ ಮಾತು ಹೇಗಿರಬೇಕು? ಐದಕ್ಕೆ ಮೂರೂವರೆ ನಕ್ಷತ್ರ ಅಂದರೆ ನನ್ನ ತಲೆಗೆ ಏನೂ ಹೋಗುವುದಿಲ್ಲ. ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್ ಅನ್ನುವುದನ್ನು ಸಿನಿಮಾ ನೋಡದೆಯೂ ಹೇಳಬಹುದು. ಒಂದು ದೃಶ್ಯ ಹೇಳಿ. ನಾನು 'ತಿಥಿ'ಯನ್ನು ನೋಡಿ ಅಂತ ಒತ್ತಾಯಿಸುವಾಗ, ರಾಮ್ ರೆಡ್ಡಿಯವರ ಈ ಚಿತ್ರಕ್ಕೆ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು ಅಂತ ಶುರುಮಾಡುವುದಿಲ್ಲ. ಮಂಡ್ಯದ ಕಡೆಯ ಹಳ್ಳಿ. ದಾರಿಬದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬಾಯಿತುಂಬ ಬೈಯುವ ನೂರೊಂದು ವರ್ಷದ ಸೆಂಚುರಿ ಗೌಡ. ಬೈದು ಮುಗಿಸಿ ಎದ್ದು ನಾಲ್ಕು ಹೆಜ್ಜೆ ಹೋದವನು ಹಾಗೇ ಸತ್ತುಹೋಗುತ್ತಾನೆ. ಮಗ ಗಡ್ಡಪ್ಪನಿಗೆ ಅಪ್ಪನ ಸಾವೂ ಬೇಡ, ಆಸ್ತಿಯೂ ಬೇಡ. ಬ್ರಾಂದಿ ಗುಟುಕರಿಸುತ್ತ ಹೊಲದ ಬದುವಿನ ಮೇಲೆ ನಡೆಯುತ್ತಲೇ ಇರುತ್ತಾನೆ. ರಾತ್ರಿ ಕುರಿಗಾಹಿಗಳ ಜೊತೆ ಬೆಂಕಿಯ ಮುಂದೆ ಕೂತು ಆತ ತನ್ನ ಹಳೆಯ ನೋವನ್ನು ಬಿಚ್ಚುವಾಗ, ಅಲ್ಲಿಯತನಕ ನಾವು ನಕ್ಕ ನಗುವೆಲ್ಲ ಗಂಟಲಲ್ಲಿ ನಿಲ್ಲುತ್ತದೆ. ಅವರು ಯಾರೂ ವೃತ್ತಿ ನಟರಲ್ಲ, ಆ ಸೀಮೆಯ ಜನ. ಇಷ್ಟು ಹೇಳಿದ ಮೇಲೆ ಕೇಳಿದವರು ಸಾಮಾನ್ಯವಾಗಿ ಅಂದು ರಾತ್ರಿಯೇ ನೋಡುತ್ತಾರೆ.

ಇನ್ನು, ಯಾರಿಗೆ ಯಾವುದು ಅನ್ನುವ ವಿವೇಚನೆಯೂ ಬೇಕು. ಆಸ್ಪತ್ರೆಯಿಂದ ಮೊನ್ನೆ ತಾನೇ ಮನೆಗೆ ಬಂದವರ ಕೈಗೆ ಸಾವಿನ ಕಥೆ ಕೊಡುವುದು ಎಲ್ಲಿಯ ನ್ಯಾಯ? ಅವರಿಗೆ 2025ರಲ್ಲಿ ಬಂದ ಜೆ.ಪಿ. ತುಮಿನಾಡು ಅವರ 'ಸು ಫ್ರಮ್ ಸೋ' ಇದೆ. ಕರಾವಳಿಯ ಒಂದು ಊರು, ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅನ್ನುವ ಗುಲ್ಲು, ಅದನ್ನು ನಂಬಿ ಒಟ್ಟಿಗೇ ತಲೆಕೆಡಿಸಿಕೊಳ್ಳುವ ಇಡೀ ಊರು. ದೊಡ್ಡ ತಾರೆಯಿಲ್ಲ, ನಕ್ಕು ಹೊರಬಂದವರು ಇನ್ನಷ್ಟು ಜನರನ್ನು ಕಳಿಸಿದ್ದರಿಂದಲೇ ಕೆಲವೇ ದಿನದಲ್ಲಿ ಟಿಕೆಟ್ ಸಿಗದಂತಾಯಿತು. ತುಂಬಿದ ಚಿತ್ರಮಂದಿರದಲ್ಲಿ ಮುಂದಿನ ಸಾಲಿನ ಅಜ್ಜಿ, ಹಿಂದಿನ ಸಾಲಿನ ಕಾಲೇಜು ಹುಡುಗರು ಒಂದೇ ಮಾತಿಗೆ ನಗುವ ಸುಖ ಮನೆಯ ಟೀವಿಯ ಮುಂದೆ ಸಿಗುವುದಿಲ್ಲ.

ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗಳಿದ್ದರೆ ರೂಪಾ ರಾವ್ ಅವರ 'ಗಂಟುಮೂಟೆ'ಯನ್ನು ಅವಳ ಪಕ್ಕದಲ್ಲಿ ಕೂತು ನೋಡಿ. ತೊಂಬತ್ತರ ದಶಕದ ಒಂದು ಶಾಲೆ, ಮೀರಾ ಎಂಬ ಹುಡುಗಿಯ ಮೊದಲ ಪ್ರೀತಿ. ಎಲ್ಲವನ್ನೂ ಅವಳ ಕಣ್ಣಿಂದಲೇ ನೋಡುವ ಚಿತ್ರ. ಮುಗಿದ ಮೇಲೆ ಮಗಳನ್ನು ಪ್ರಶ್ನೆ ಕೇಳಲು ಹೋಗಬೇಡಿ. ಅವಳೇ ಏನಾದರೂ ಹೇಳುತ್ತಾಳೆ, ಕೇಳಿಸಿಕೊಳ್ಳಿ. ಆಮೇಲೆ ನನಗೊಂದು ಫೋನ್ ಮಾಡಿ, ಅವಳು ಏನಂದಳು ಅಂತ ನನಗೂ ತಿಳಿಯಬೇಕು.