ಪ್ರನಾಳ ತೆಗೆದ ಕಥೆ



ವಿಜ್ಞಾನ ವಸ್ತು ಪ್ರದರ್ಶನಕ್ಕೆ ಹೈಡ್ರೋಜನ್ ತಯಾರಿಸುವ ಪ್ರಯೋಗದ ಚಿತ್ರ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಸತುವಿನ ಚೂರು, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ, ಸಾಬೂನಿನ ನೀರು ಎಲ್ಲಾ ಬಾಯಿಪಾಠ. ಆದರೆ ನಾನು ತೆಗೆದ ಪ್ರನಾಳ ಬದನೆಕಾಯಿ ಹಾಂಗ ಆಗ್ತದ! "ಸರ್, ಕಂಪ್ಯೂಟರಿನ್ಯಾಗ ತೆಗೀಲೇನ್ರಿ?" ಅಂದೆ. "ತೆಗಿಯವ್ವ. ಯಾವುದರಾಗ ತೆಗೀಬೇಕು ಅನ್ನೋದು ನೀನ ಆರಿಸು" ಅಂದ್ರು.

ಮೊದಲು ಪೇಂಟ್‌ನಲ್ಲಿ ತೆಗೆದೆ. ಅದರಲ್ಲಿ ಚಿತ್ರವೆಂದರೆ ಬರೀ ಚುಕ್ಕಿಗಳು. ದೊಡ್ಡದು ಮಾಡಿದರೆ ಗೆರೆ ಮೆಟ್ಟಿಲು ಮೆಟ್ಟಿಲಾಯಿತು.

ನಮ್ಮ ದೊಡ್ಡಪ್ಪನ ಮಗ ಫ್ಲೆಕ್ಸ್ ಅಂಗಡಿಯೊಳಗ ದುಡಿತಾನ. "ಕೋರಲ್‌ಡ್ರಾ ಪೆನ್‌ಡ್ರೈವಿನ್ಯಾಗ ಹಾಕಿ ಕೊಡ್ತೀನಿ, ರೊಕ್ಕ ಬ್ಯಾಡ" ಅಂದ. ಅದು ರೊಕ್ಕ ಕೊಟ್ಟು ಕೊಳ್ಳುವ ತಂತ್ರಾಂಶ; ಅವನ ಹತ್ತಿರ ಇದ್ದದ್ದು ಬೀಗ ಮುರಿದ ಪ್ರತಿ. ನನಗೂ ಆಸೆ ಆಯ್ತು, ಸುಳ್ಳು ಯಾಕ ಹೇಳಲಿ? ಸರ್ ಮಾತ್ರ "ಕದ್ದದ್ದು ಶಾಲೆಯ ಯಂತ್ರಕ್ಕ ಬ್ಯಾಡ" ಅಂದುಬಿಟ್ಟರು.

ಕೊನೆಗೆ ಸಿಕ್ಕದ್ದು ಇಂಕ್‌ಸ್ಕೇಪ್. 2003ರಿಂದ ಹಲವು ದೇಶದವರು ಕೂಡಿ ಕಟ್ಟುತ್ತ ಬಂದದ್ದು. ಪುಕ್ಕಟೆ ಅಷ್ಟೇ ಅಲ್ಲ, ನಕಲು ಮಾಡಿ ಗೆಳತಿಗೆ ಕೊಟ್ಟರೂ ಕಳವಲ್ಲ. ಕೊಡಬಹುದೆಂದು ಅದರ ಪರವಾನಗಿಯೇ ಹೇಳುತ್ತದೆ. ಒಮ್ಮೆ ಹಾಕಿಕೊಂಡರೆ ನೆಟ್ ಬೇಕಿಲ್ಲ. ಗೆರೆಯನ್ನು ಅದು ಲೆಕ್ಕದ ರೂಪದಲ್ಲಿ ಇಡುತ್ತದೆ, ಹೀಗಾಗಿ ಅಂಗೈಯಷ್ಟಿದ್ದ ಚಿತ್ರ ಗೋಡೆಯಷ್ಟಾದರೂ ಒಡೆಯುವುದಿಲ್ಲ. ನನಗೆ ಬಹಳ ಸೇರಿದ್ದು ಇದು: ಅರ್ಧ ಪ್ರನಾಳ ತೆಗೆಯಿರಿ, ಕಂಟ್ರೋಲ್ ಮತ್ತು ಡಿ ಒತ್ತಿ ಇನ್ನೊಂದು ಪ್ರತಿ ಮಾಡಿರಿ, ಎಚ್ ಒತ್ತಿದರೆ ಅದು ಕನ್ನಡಿಯೊಳಗಿನಂತೆ ತಿರುಗುತ್ತದೆ. ಎರಡನ್ನೂ ಕೂಡಿಸಿದರೆ ಮುಗೀತು, ಬದನೆಕಾಯಿ ಇಲ್ಲ. ಕನ್ನಡ ಹೆಸರುಗಳನ್ನು ಮಾತ್ರ ಯೂನಿಕೋಡಿನಲ್ಲೇ ಬೆರಳಚ್ಚು ಮಾಡಬೇಕು.

ಇಂಡಿಗೆ ಹೋಗಿ ದೊಡ್ಡ ಪ್ರಿಂಟ್ ತೆಗೆಸಿಕೊಂಡು ಝಳಕಿಗೆ ಬರುವಾಗ ಬಸ್ಸಿನೊಳಗ ಎಷ್ಟು ಸಲ ಬಿಚ್ಚಿ ನೋಡಿದೆನೋ! ಸರ್ ನೋಡಿದರು. "ಚಂದ ಅದ. ಆದ್ರ ಈ ಅನಿಲ ಹೋಗೋ ನಳಿಕೆ ಎಲ್ಲಿ ತನಕ ಇಳಿದದ?" ಅಂದ್ರು. ನೋಡಿದರೆ ಆಮ್ಲದೊಳಗೇ ಮುಳುಗಿದೆ! ಉದ್ದ ಇದ್ದರೆ ಚಂದ ಕಾಣುತ್ತದೆಂದು ನಾನೇ ಎಳೆದಿದ್ದೆ. ಹಂಗ ಜೋಡಿಸಿದರೆ ಮೇಲೆ ತುಂಬಿದ ಅನಿಲ ಆಮ್ಲವನ್ನು ಒತ್ತಿ ನಳಿಕೆಯಿಂದ ಹೊರಗೆ ತಳ್ಳುತ್ತದೆ. ನಳಿಕೆಯ ಬಾಯಿ ಆಮ್ಲಕ್ಕಿಂತ ಮೇಲೆ, ಬಿರಡೆಯ ಕೆಳಗೇ ಇರಬೇಕು. ತಂತ್ರಾಂಶ ಒಂದು ಮಾತೂ ಹೇಳಿರಲಿಲ್ಲ. ಅದಕ್ಕೆ ಆಮ್ಲವೂ ಗೆರೆ, ನೀರೂ ಗೆರೆ.

ಕಂಪ್ಯೂಟರಿನಲ್ಲಿ ತಿದ್ದಲು ಅರ್ಧ ನಿಮಿಷ ಸಾಕಾಯಿತು. ಮತ್ತೊಂದು ಪ್ರಿಂಟಿಗೆ ರೊಕ್ಕ ಇರಲಿಲ್ಲ. ಆ ಜಾಗಕ್ಕೆ ಬಿಳಿ ಹಾಳೆ ಅಂಟಿಸಿ, ನಳಿಕೆಯ ತುದಿಯನ್ನು ಕೈಯಿಂದಲೇ ತೆಗೆದೆ. ಚಿತ್ರ ವಿಜ್ಞಾನ ಕೋಣೆಯ ಬಾಗಿಲ ಹತ್ತಿರ ತೂಗಿದೆ, ಅಂಟು ಹಚ್ಚಿದ್ದು ಕಾಣಸ್ತದ. ತಿದ್ದಿದ ಕಡತ ಮೂರನೇ ಕಂಪ್ಯೂಟರಿನಲ್ಲಿದೆ, ಬೇಕಾದವರು ನಕಲು ಮಾಡಿಕೊಳ್ರಿ.

— ಹತ್ತನೇ ತರಗತಿಯ ವಿದ್ಯಾರ್ಥಿನಿ