ನಡುಗಡ್ಡೆಯ ನ್ಯೂಟ್ರಾನ್ ಲೆಕ್ಕ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ರಾಜಧಾನಿ ಹ್ಯಾರಿಸ್‌ಬರ್ಗ್. ಅದಕ್ಕೆ ತುಸು ಕೆಳಗೆ, ಸಸ್ಕ್ವೆಹಾನಾ ನದಿಯ ನಡುವೆ ಒಂದು ನಡುಗಡ್ಡೆಯಿದೆ. ಹೆಸರು ತ್ರೀ ಮೈಲ್ ಐಲ್ಯಾಂಡ್. ದಡದಿಂದ ನೋಡುವವರಿಗೆ ಮೊದಲು ಕಾಣುವುದು ಅಲ್ಲಿಯ ಪರಮಾಣು ಸ್ಥಾವರದ ಬೃಹತ್ ಗೋಪುರಗಳು.

1979ರ ಮಾರ್ಚ್ 28ರ ನಸುಕಿನಲ್ಲಿ ಇಲ್ಲಿಯ ಎರಡನೆಯ ರಿಯಾಕ್ಟರ್ ಅಪಘಾತಕ್ಕೀಡಾಯಿತು. ಸರಪಳಿ ಕ್ರಿಯೆ ಕೂಡಲೇ ನಿಂತರೂ ಇಂಧನದ ಬಿಸಿ ಆರಿರಲಿಲ್ಲ. ಮುಚ್ಚದೆ ಉಳಿದ ಕವಾಟವೊಂದರಿಂದ ನೀರು ಸೋರುತ್ತಿತ್ತು. ಆದರೆ ನಿಯಂತ್ರಣ ಕೊಠಡಿಯ ಮಾಪಕ ನೀರು ತುಂಬಿದೆ ಎಂದೇ ತೋರಿಸುತ್ತಿತ್ತು. ಅಷ್ಟರಲ್ಲಿ, ರಿಯಾಕ್ಟರ್ ಪಾತ್ರೆಯ ಹೊರಗಿದ್ದ ನ್ಯೂಟ್ರಾನ್ ಶೋಧಕದ ಎಣಿಕೆ ಏರತೊಡಗಿತು. ಸರಪಳಿ ಕ್ರಿಯೆ ಮತ್ತೆ ಶುರುವಾಯಿತೇನೋ ಎಂದು ಅಂಜಿದ ಸಿಬ್ಬಂದಿ ನ್ಯೂಟ್ರಾನ್ ಹೀರುವ ಬೋರಾನನ್ನು ಒಳಗೆ ಹರಿಸಿದರು.

ನಿಜಸಂಗತಿ ಬೇರೆಯೇ ಇತ್ತು. ಇಂಧನಕ್ಕೂ ಶೋಧಕಕ್ಕೂ ನಡುವಿನ ನೀರು ನ್ಯೂಟ್ರಾನುಗಳಿಗೆ ತಡೆಗೋಡೆ. ನೀರು ಕಡಿಮೆಯಾದಂತೆ ಗೋಡೆ ತೆಳುವಾಯಿತು, ಹೆಚ್ಚು ನ್ಯೂಟ್ರಾನುಗಳು ಹೊರಕ್ಕೆ ತಲುಪಿದವು. ಶೋಧಕ ಸಾರಿದ್ದು ಒಂದೇ ಮಾತು: ಒಳಗೆ ನೀರಿಲ್ಲ!

1982ರಲ್ಲಿ ಕ್ಯಾಮೆರಾ ಇಳಿಸಿದಾಗ ಇಂಧನ ಕುಸಿದು ರಾಶಿಯಾಗಿದ್ದು ಕಂಡಿತು. ಸುಮಾರು ಅರ್ಧದಷ್ಟು ಕರಗಿಹೋಗಿತ್ತೆಂದು ಮುಂದೆ ಖಚಿತವಾಯಿತು.

ಮಕ್ಕಳೇ, ಉಪಕರಣ ತೋರಿಸುವ ಅಂಕಿಯನ್ನು ಬರೆದುಕೊಂಡರೆ ಸಾಲದು. ಅದು ಏರಲು ಎಷ್ಟು ಕಾರಣಗಳಿರಬಹುದೆಂದೂ ಕೇಳಬೇಕು.